ಯೂನಿಫಾರಂಗೆ ಅಂಟಿದ ಗಮ್ಮೂ ಹಾಜರಿ ಪುಸ್ತಕವೂ



ಈ ಸಲ ಭಾಷೆಯ ಹಕ್ಕು, ಅಧ್ಯಾಪಕರ ನೇಮಕಾತಿ ಯಾವುದರ ಬಗ್ಗೆಯೂ ಬರೆಯುತ್ತಿಲ್ಲ. ಚ್ಯೂಯಿಂಗ್ ಗಮ್ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿ. ನಮ್ಮ ಕಾಸರಗೋಡಿನ ಎಷ್ಟೋ ಕನ್ನಡ ಮಾಧ್ಯಮ ತರಗತಿಗಳಲ್ಲಿ ಮಕ್ಕಳೇ ಕಡಿಮೆ. ಒಬ್ಬಳು ಬಾರದಿದ್ದರೆ ಒಂದು ಬೆಂಚೇ ಖಾಲಿ ಕಾಣುತ್ತದೆ. ಯಾಕೆ ಬರಲಿಲ್ಲ ಎಂದು ಕೇಳಿದರೆ ಜ್ವರ, ನೆಂಟರ ಮನೆ ಮದುವೆಗಳ ನಡುವೆ ಈ ಉತ್ತರವೂ ಬರುತ್ತದೆ: "ಯೂನಿಫಾರಂಗೆ ಗಮ್ ಅಂಟಿದೆ ಟೀಚರ್, ಇನ್ನೊಂದು ಒಣಗಲಿಲ್ಲ." ಇರುವುದೇ ಎರಡು ಜೊತೆ. ಜೂನ್, ಜುಲೈ ಮಳೆಯಲ್ಲಿ ಅದರಲ್ಲೊಂದು ಸದಾ ಹಗ್ಗದ ಮೇಲೆ.

ಗಮ್ ಅಂಟಿಸಿಕೊಂಡು ಬಂದ ಮಗುವನ್ನು ಬೈಯುವುದು, ದಂಡ ಹಾಕುವುದು, ಅಸೆಂಬ್ಲಿಯಲ್ಲಿ ಮುಂದೆ ನಿಲ್ಲಿಸುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಗಮ್ ಶಾಲೆಗೆ ತರಬಾರದು, ಸರಿ. ಸಿಂಗಾಪುರದಲ್ಲಿ 1992ರಲ್ಲಿ ದೇಶಕ್ಕೆ ದೇಶವೇ ಅದರ ಮಾರಾಟ ನಿಲ್ಲಿಸಿತು. ಆದರೆ ಜಗಿದವನು ಒಬ್ಬ, ಬೆಂಚಿನಡಿ ಅಂಟಿಸಿ ಹೋದವನು ಅವನೇ, ಅದರ ಮೇಲೆ ಕುಳಿತವಳು ಬೇರೊಬ್ಬಳು. ನಾವು ಹಿಡಿಯುವುದು ಯಾವಾಗಲೂ ಕುಳಿತವಳನ್ನು, ಏಕೆಂದರೆ ಸಾಕ್ಷಿ ಅವಳ ಲಂಗದ ಮೇಲಿದೆ!

ಇನ್ನು ಮನೆಯಲ್ಲಿ ನಡೆಯುವುದು. ಅಮ್ಮ ಬೀಡಿ ಕಟ್ಟಿಯೋ ತೋಟದ ಕೆಲಸ ಮುಗಿಸಿಯೋ ಬಂದು ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಬ್ರಶ್ಶಿನಲ್ಲಿ ಉಜ್ಜುತ್ತಾಳೆ. ಬಿಸಿಗೆ ಗಮ್ ಕರಗಿ ಹೋಗುವುದಿಲ್ಲ, ಮೆತ್ತಗಾಗಿ ನೂಲಿನ ಎಳೆಗಳೊಳಗೆ ಇಳಿಯುತ್ತದೆ. ಉಜ್ಜಿದಷ್ಟೂ ಹರಡುತ್ತದೆ. ಆಮೇಲೆ ಕತ್ತರಿ, ಅಥವಾ ಸೀಮೆಎಣ್ಣೆ. ಒಲೆಯ ಹತ್ತಿರ ಸೀಮೆಎಣ್ಣೆ ಬಟ್ಟೆ ಹಿಡಿದುಕೊಳ್ಳುವುದು ಎಷ್ಟು ಅಪಾಯ ಎಂದು ಬೇರೆ ಹೇಳಬೇಕೆ?

ಬೇಕಾದದ್ದು ತಂಪು. ಫ್ರಿಜ್ ಇದ್ದವರು ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಂದೆರಡು ಗಂಟೆ ಫ್ರೀಜರಿನಲ್ಲಿಡಿ. ಇಲ್ಲದವರು ಕೂಲ್ ಬಾರಿನಿಂದಲೋ ಮೀನಿನವರಿಂದಲೋ ಒಂದು ತುಂಡು ಐಸ್ ತನ್ನಿ. ಮೀನಿನ ಐಸ್ ಆದರೆ ಕವರಿನೊಳಗೇ ಇರಲಿ, ಇಲ್ಲದಿದ್ದರೆ ಗಮ್ ಹೋಗಿ ವಾಸನೆ ಉಳಿದೀತು! ಹತ್ತು ಹದಿನೈದು ನಿಮಿಷ ಒತ್ತಿ ಹಿಡಿದರೆ ಗಮ್ ಗಡುಸಾಗುತ್ತದೆ. ಆಗ ಚಮಚದ ಅಂಚಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಉಳಿದ ಜಿಗುಟಿಗೆ ಎರಡು ಹನಿ ತೆಂಗಿನೆಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಹಳೆ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಕಲೆಯ ಮೇಲೆ ಪಾತ್ರೆ ತೊಳೆಯುವ ಸೋಪು ಹಚ್ಚಿ ತಣ್ಣೀರಿನಲ್ಲಿ ಒಗೆಯಿರಿ. ಪೂರ್ತಿ ಹೋಗುವ ತನಕ ಇಸ್ತ್ರಿ ಬೇಡ.

ತೆಂಗಿನೆಣ್ಣೆ ಯಾಕೆ ಎಂದು ಮಕ್ಕಳನ್ನು ಕೇಳಿ ನೋಡಿ. ಹಲಸು ಕೊಯ್ಯುವಾಗ ಅಜ್ಜಿ ಮೆಟ್ಟುಕತ್ತಿಗೂ ಕೈಗೂ ಎಣ್ಣೆ ಸವರುವುದನ್ನು ನೋಡದ ಮಗು ನಮ್ಮ ಊರಲ್ಲಿ ಇಲ್ಲ. ಮೇಣ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಗಮ್ಮಿನ ಕಥೆಯೂ ಅದೇ. ಮೊದಲು ಅದನ್ನು ಮೆಕ್ಸಿಕೋ, ಗ್ವಾಟೆಮಾಲ ಕಡೆಯ ಚಿಕ್ಕು ಮರದ ಹಾಲಿನಿಂದಲೇ ಮಾಡುತ್ತಿದ್ದರು. ಚಿಕ್ಕು ಮರ ನಮ್ಮ ಅಂಗಳದಲ್ಲೂ ಇದೆ. ಈಗ ಹೆಚ್ಚಾಗಿ ಪೆಟ್ರೋಲಿಯಂನಿಂದ ಬರುವ ಪಾಲಿಮರುಗಳನ್ನು ಬಳಸುತ್ತಾರೆ. ಸಕ್ಕರೆ, ಪರಿಮಳ ಎಲ್ಲ ಉಗುಳಿನಲ್ಲಿ ಕರಗಿ ಹೋಗಿ, ನೀರಿನಲ್ಲಿ ಕರಗದ ಈ ಅಂಟು ಮಾತ್ರ ಬಾಯಲ್ಲಿ ಉಳಿಯುತ್ತದೆ. ಬೆಂಚಿಗೆ ಹೋಗುವುದು ಅದೇ.

ಕರಗುವಿಕೆ, ಪಾಲಿಮರ್ ಎಂಬ ಪಾಠಗಳನ್ನು ಅನುವಾದದ ಪುಸ್ತಕದಿಂದ ಓದಿಸಿ ಮಕ್ಕಳು ಆಕಳಿಸುವುದನ್ನು ನೋಡುವ ಬದಲು ಒಂದು ಪೀರಿಯಡ್ ಹಳೆ ಬಟ್ಟೆ, ಗಮ್, ಐಸ್, ಎಣ್ಣೆ ತಂದು ಮಾಡಿಸಿ. ತುಳು ಮನೆಯ ಮಗುವೂ ಮಲೆಯಾಳ ಮನೆಯ ಮಗುವೂ ಮೇಣದ ವಿಷಯ ಬಂದರೆ ಕೈ ಎತ್ತುತ್ತಾರೆ. ಗಂಡು ಮಕ್ಕಳ ಕೈಯಲ್ಲೇ ಕೆರೆಸಿ. ಬಟ್ಟೆ ಒಗೆಯುವುದು ಅಮ್ಮನ ಕೆಲಸ ಎಂದು ಯಾವ ಪಠ್ಯದಲ್ಲೂ ಬರೆದಿಲ್ಲ.

ಅಂದ ಹಾಗೆ, ಕೂದಲಿಗೆ ಅಂಟಿದರೂ ಕತ್ತರಿ ತೆಗೆಯಬೇಡಿ. ಅಲ್ಲೂ ತೆಂಗಿನೆಣ್ಣೆಯೇ, ಆಮೇಲೆ ಬಾಚಣಿಗೆ.