ಯುದ್ಧದಿಂದ ಮರಳಿದವನ ಕತೆ ಕನ್ನಡಕ್ಕೂ ಬರಲಿ

ಕನ್ನಡದ ಓದುಗರಲ್ಲಿ, ಅನುವಾದಕರಲ್ಲಿ, ಕಾಲೇಜುಗಳಲ್ಲಿ ಸಾಹಿತ್ಯ ಪಾಠ ಹೇಳುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಅಮೆರಿಕದ ಲೇಖಕಿ ಲೆಸ್ಲಿ ಮಾರ್ಮನ್ ಸಿಲ್ಕೊ ಬರೆದ ‘ಸೆರಮನಿ’ ಕಾದಂಬರಿಯನ್ನು ಓದಿ, ಓದಿಸಿ. ಕೈಲಾದವರು ಅದನ್ನು ಕನ್ನಡಕ್ಕೆ ತನ್ನಿ. 1977ರಲ್ಲಿ ಬಂದ ಪುಸ್ತಕ ಅದು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಲಗೂನಾ ಪ್ವೆಬ್ಲೊ ಎಂಬ ಮೂಲನಿವಾಸಿ ಸಮುದಾಯದ ಹುಡುಗ ಟೇಯೊ ಎರಡನೇ ಮಹಾಯುದ್ಧ ಮುಗಿಸಿ ಊರಿಗೆ ಬರುತ್ತಾನೆ. ಕತೆ ಅಲ್ಲಿಂದ ಶುರು. ಯುದ್ಧವೆಂದರೆ ಟಿ.ವಿ. ಪರದೆಯ ಅಬ್ಬರ, ಮೊಬೈಲಿನಲ್ಲಿ ಹರಿದಾಡುವ ಜೈಕಾರ ಎಂಬಂತಾಗಿರುವ ಈ ಹೊತ್ತಿನಲ್ಲಿ ಇಂಥ ಪುಸ್ತಕ ನಮ್ಮ ಮನೆಗಳಲ್ಲಿರಬೇಕು ಎಂಬುದು ನನ್ನ ಹಂಬಲ.

ಫಿಲಿಪ್ಪೀನ್ಸಿನ ಕಾಡು. ಸೆರೆಸಿಕ್ಕ ಜಪಾನಿ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಲು ಆಜ್ಞೆಯಾಗುತ್ತದೆ. ಟೇಯೊ ಬಂದೂಕು ಎತ್ತಲಾರ. ಆ ಸಾಲಿನಲ್ಲಿ ಅವನಿಗೆ ಕಾಣುವುದು ಊರಿನಲ್ಲಿ ತನ್ನನ್ನು ಸಾಕಿದ ಜೋಸಾಯ ಮಾವನ ಮುಖ. ಜೊತೆಗೆ ಬೆಳೆದ ಸೋದರ ರಾಕಿ ಹೆಣವನ್ನು ಬೂಟುಗಾಲಿನಲ್ಲಿ ಹೊರಳಿಸಿ, ಇವನು ಜಪಾನಿ, ಸರಿಯಾಗಿ ನೋಡು ಎಂದು ತೋರಿಸುತ್ತಾನೆ. ರಾಕಿ ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಟೇಯೊ ಕಂಡದ್ದೂ ಸುಳ್ಳಲ್ಲ ಎಂದು ಕಾದಂಬರಿ ನಿಧಾನವಾಗಿ ನಮ್ಮನ್ನು ಒಪ್ಪಿಸುತ್ತದೆ. ಮುಂದೆ ಇಬ್ಬರೂ ಸೆರೆಯಾಗುತ್ತಾರೆ. ಗಾಯಗೊಂಡ ರಾಕಿಯನ್ನು ಕಂಬಳಿಯಲ್ಲಿ ಹೊತ್ತು ಕೆಸರಿನಲ್ಲಿ ನಡೆಯುವಾಗ ಬಿಡದೆ ಸುರಿಯುವ ಮಳೆಗೆ ಟೇಯೊ ಶಾಪ ಹಾಕುತ್ತಾನೆ. ರಾಕಿ ಉಳಿಯುವುದಿಲ್ಲ. ಊರಿಗೆ ಬಂದರೆ ಆರು ವರ್ಷಗಳ ಬರ. ತನ್ನ ಶಾಪವೇ ಊರಿನ ಮಳೆಯನ್ನು ಓಡಿಸಿತು ಎಂದು ಟೇಯೊ ನಂಬುತ್ತಾನೆ.

ಸೈನಿಕರ ಆಸ್ಪತ್ರೆಯ ವೈದ್ಯರಿಗೆ ಇದು ಕಾಯಿಲೆಯ ಲಕ್ಷಣ. ನಾವು, ನಮ್ಮವರು ಎಂದು ಯೋಚಿಸುವುದನ್ನು ಬಿಟ್ಟು ನಿನ್ನೊಬ್ಬನ ಬಗ್ಗೆ ಯೋಚಿಸು, ಆಗ ಗುಣವಾಗುತ್ತೀಯ ಎನ್ನುತ್ತಾರೆ. ಟೇಯೊಗೆ ಹೊಟ್ಟೆಯೊಳಗಿಂದಲೇ ಗೊತ್ತು, ಹಾಗೆ ಗುಣವಾಗುವುದಿಲ್ಲ ಎಂದು. ತನ್ನ ಜನ, ತನ್ನ ನೆಲ, ಆ ನೆಲದ ಮೇಲೆ ಬೀಳುವ ಮಳೆ ಇವುಗಳಿಂದ ಅವನ ಮನಸ್ಸನ್ನು ಬೇರೆ ಮಾಡಿ ಎತ್ತಿಡಲು ಬರುವುದಿಲ್ಲ. ನಮ್ಮ ಹಳ್ಳಿಗಳ ಓದುಗರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅದೇ ಊರಿನ ಇನ್ನೊಬ್ಬ ಮಾಜಿ ಸೈನಿಕ ಈಮೊ. ತಾನು ಕೊಂದ ಜಪಾನಿಯ ಹಲ್ಲುಗಳನ್ನು ತಂಬಾಕಿನ ಚೀಲದಲ್ಲಿ ಇಟ್ಟುಕೊಂಡಿದ್ದಾನೆ. ಬಾರಿನ ಮೇಜಿನ ಮೇಲೆ ಅವನ್ನು ಸುರಿದು, ಆಡಿಸುತ್ತ, ಯುದ್ಧದ ಪೌರುಷ ಕೊಚ್ಚುತ್ತಾನೆ. ಅವನನ್ನು ರಾಕ್ಷಸ ಎಂದು ಬದಿಗೆ ತಳ್ಳುವುದು ಸುಲಭ. ಆದರೆ ಸಮವಸ್ತ್ರ ಹಾಕಿದ್ದಾಗ ಮಾತ್ರ ಬಿಳಿಯರ ಅಂಗಡಿಗಳಲ್ಲಿ, ಹೋಟೆಲುಗಳಲ್ಲಿ ಅವನಿಗೆ ಮರ್ಯಾದೆ ಸಿಕ್ಕಿತ್ತು. ಸಮವಸ್ತ್ರ ಕಳಚಿದ ಮರುದಿನ ಅವನು ಮತ್ತೆ ಯಾರೂ ಅಲ್ಲ. ಕೊಂದದ್ದರಿಂದಲೇ ತಾನು ಮನುಷ್ಯನೆನಿಸಿಕೊಂಡೆ ಎಂದು ಒಬ್ಬನಿಗೆ ಅನ್ನಿಸುವಂತೆ ಮಾಡಿದ ದೇಶದ ಪಾಲೂ ಆ ಚೀಲದಲ್ಲಿದೆ.

ಇದು ಕಾದಂಬರಿಕಾರ್ತಿಯ ಕಲ್ಪನೆ ಮಾತ್ರವಲ್ಲ. ಆ ಯುದ್ಧದಲ್ಲಿ ಅಮೆರಿಕದ ಸುಮಾರು 44,000 ಮೂಲನಿವಾಸಿಗಳು ದುಡಿದರು. ಅವರಿಗೆಲ್ಲ ಪೌರತ್ವ ಕೊಡುವ ಕಾನೂನು 1924ರಲ್ಲೇ ಬಂದಿತ್ತು. ಆದರೂ ಯುದ್ಧ ಗೆದ್ದು ಬಂದವರಿಗೆ ನ್ಯೂ ಮೆಕ್ಸಿಕೊದಲ್ಲಿ ಮತದಾನದ ಹಕ್ಕಿರಲಿಲ್ಲ. ನೌಕಾದಳದ ಪದಾತಿ ಪಡೆಯಲ್ಲಿದ್ದು ಬಂದ ಇಸ್ಲೆಟಾ ಪ್ವೆಬ್ಲೊದ ಶಿಕ್ಷಕ ಮಿಗೆಲ್ ಟ್ರುಹಿಯೊ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ, 1948ರಲ್ಲಿ ಅದು ಸಿಕ್ಕಿತು. ಅದೇ ಯುದ್ಧದಲ್ಲಿ ಜಪಾನಿನ ಇವೊ ಜಿಮಾ ದ್ವೀಪದಲ್ಲಿ ಬಾವುಟ ನೆಟ್ಟವರ ಜಗತ್ಪ್ರಸಿದ್ಧ ಛಾಯಾಚಿತ್ರದಲ್ಲಿರುವ ಆಯ್ರಾ ಹೇಯ್ಸ್ ಪೀಮಾ ಬುಡಕಟ್ಟಿನವನು. 1955ರ ಜನವರಿಯಲ್ಲಿ, ಕುಡಿತದಲ್ಲಿ ಕುಸಿದು, 32ನೇ ವಯಸ್ಸಿನಲ್ಲಿ ತೀರಿಕೊಂಡ.

ಟೇಯೊನ ಅಜ್ಜಿ ಹಳೆಯ ಕಾಲದ ವೈದ್ಯ ಕೂಊಶ್‌ನನ್ನು ಕರೆಸುತ್ತಾಳೆ. ಶತ್ರುವನ್ನು ಕೊಂದು ಬಂದವರು ಊರೊಳಗೆ ಸೇರುವ ಮೊದಲು ಮಾಡಬೇಕಾದ ವಿಧಿಯೊಂದು ಆ ಸಮುದಾಯದಲ್ಲಿದೆ. ಕೊಲೆಯ ಸೋಂಕು ಕೊಂದವನೊಬ್ಬನಿಗೇ ನಿಲ್ಲುವುದಿಲ್ಲ, ಊರಿಗೆಲ್ಲ ತಾಗುತ್ತದೆ, ಆದ್ದರಿಂದ ಊರೇ ಸೇರಿ ಅದನ್ನು ತೊಳೆಯಬೇಕು ಎಂಬ ತಿಳಿವಳಿಕೆ ಅದು. ಆದರೆ ಯಾರನ್ನು ಕೊಂದೆ, ಕೊಂದೆನೋ ಇಲ್ಲವೋ ಎಂಬುದೇ ಟೇಯೊಗೆ ತಿಳಿಯದು. ದೂರದಿಂದ, ಮುಖ ನೋಡದೆ ಕೊಲ್ಲುವ ಈ ಹೊಸ ಯುದ್ಧದ ಮುಂದೆ ಮುದುಕನ ವಿಧಿ ಸೋಲುತ್ತದೆ. ಆಗ ಗ್ಯಾಲಪ್ ಪಟ್ಟಣದ ಮೇಲಿನ ಗುಡ್ಡದಲ್ಲಿ ಹಳೆಯ ಕ್ಯಾಲೆಂಡರು, ಟೆಲಿಫೋನ್ ಡೈರೆಕ್ಟರಿಗಳ ರಾಶಿಯ ನಡುವೆ ಬದುಕುವ ನವಾಹೊ ವೈದ್ಯ ಬೆಟೋನಿ ಬರುತ್ತಾನೆ. ಕಾಲ ಬದಲಾದಂತೆ ವಿಧಿಯೂ ಬದಲಾಗಬೇಕು ಎನ್ನುವವನು ಅವನು. ಇಡೀ ಕಾದಂಬರಿಯಲ್ಲಿ ನನಗೆ ಅತಿ ಮುಖ್ಯವೆನಿಸುವ ಭಾಗ ಇದು.

ಕೊನೆಯ ರಾತ್ರಿ ಟೇಯೊ ಒಂದು ಪಾಳುಬಿದ್ದ ಯುರೇನಿಯಂ ಗಣಿಯ ಬಳಿ ಅವಿತಿದ್ದಾನೆ. ಕಣ್ಣೆದುರೇ ಈಮೊ ಗೆಳೆಯನೊಬ್ಬನನ್ನು ಹಿಂಸಿಸುತ್ತಿದ್ದಾನೆ. ಟೇಯೊನ ಕೈಯಲ್ಲಿ ಸ್ಕ್ರೂಡ್ರೈವರ್ ಇದೆ, ತಲೆಯೊಳಗೆ ಸಿಟ್ಟು ಕುದಿಯುತ್ತಿದೆ. ಆದರೂ ಅವನು ಇರಿಯುವುದಿಲ್ಲ. ಇರಿದಿದ್ದರೆ, ಯುದ್ಧದಿಂದ ಕೆಟ್ಟುಬಂದ ಇನ್ನೊಬ್ಬ ಕುಡುಕ ಅಮೆರಿಕನ್ ಇಂಡಿಯನ್ ಎಂದು ಲೋಕ ಕಡತ ಮುಚ್ಚುತ್ತಿತ್ತು. ಲೇಖಕಿ ಆ ಜಾಗವನ್ನು ಸುಮ್ಮನೆ ಆರಿಸಿಲ್ಲ. ಮೊದಲ ಅಣುಬಾಂಬ್ ಸಿಡಿಸಿ ನೋಡಿದ್ದು 1945ರ ಜುಲೈ 16ರಂದು ಅದೇ ನ್ಯೂ ಮೆಕ್ಸಿಕೊದಲ್ಲಿ. ಲಗೂನಾ ನೆಲದ ಜಾಕ್‌ಪೈಲ್ ಗಣಿಯಲ್ಲಿ 1953ರಿಂದ 1982ರವರೆಗೆ ಯುರೇನಿಯಂ ಅಗೆದರು.

ನಮ್ಮ ಊರೂರಿನ ವೀರಗಲ್ಲುಗಳು ಸತ್ತ ವೀರನನ್ನು ಸ್ವರ್ಗಕ್ಕೆ ಏರಿಸುತ್ತವೆ. ಕೊಂದು ಬದುಕಿ ಬಂದವನಿಗೆ ಕಲ್ಲಿಲ್ಲ. ರನ್ನನ ದುರ್ಯೋಧನ ಹೆಣಗಳ ನಡುವೆ ನಡೆದು ತನ್ನವರನ್ನು ಒಬ್ಬೊಬ್ಬರಾಗಿ ಕಾಣುವುದನ್ನು ಸಾವಿರ ವರ್ಷಗಳಿಂದ ಓದಿದ ನಾಡಿಗೆ ಟೇಯೊನ ಸಂಕಟ ಪರಕೀಯವಾಗಲಾರದು. ನಿವೃತ್ತ ಯೋಧನನ್ನು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ, ಹಾರ ಹಾಕಿ, ಶಾಲು ಹೊದಿಸುವುದು ಈಗ ನಮ್ಮಲ್ಲಿ ರೂಢಿಯಾಗಿದೆ. ಒಳ್ಳೆಯದೇ. ಆದರೆ ಮರುದಿನ ಚಹಾದಂಗಡಿಯಲ್ಲಿ ನಾವು ಅವರನ್ನು ಕೇಳುವುದೇನು? ಎಷ್ಟು ಜನರನ್ನು ಹೊಡೆದಿರಿ ಎಂದು. ದಯವಿಟ್ಟು ಆ ಪ್ರಶ್ನೆ ಬೇಡ. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ, ಆಗ ಕೇಳಿಸಿಕೊಳ್ಳುವ ವ್ಯವಧಾನ ನಮಗಿರಲಿ. ‘ಸೆರಮನಿ’ ಓದಿದವರಿಗೆ ಆ ವ್ಯವಧಾನ ಬರುತ್ತದೆ ಎಂದು ನಾನು ನಂಬಿದ್ದೇನೆ.

ಇದೊಂದೇ ಪುಸ್ತಕವಲ್ಲ. ಅಮೆರಿಕದ ಮೂಲನಿವಾಸಿ ಲೇಖಕ ಸ್ಕಾಟ್ ಮಾಮಡೇ ಅವರ ‘ಹೌಸ್ ಮೇಡ್ ಆಫ್ ಡಾನ್’ 1969ರಲ್ಲಿ ಪುಲಿಟ್ಜರ್ ಪಡೆಯಿತು. ಅದರ ನಾಯಕ ಏಬೆಲ್ ಯುದ್ಧ ಮುಗಿಸಿ ಬಸ್ಸಿನಿಂದ ಇಳಿಯುವಾಗ ಎಷ್ಟು ಕುಡಿದಿರುತ್ತಾನೆಂದರೆ ಎದುರು ಬಂದ ಸ್ವಂತ ಅಜ್ಜನ ಗುರುತೂ ಹತ್ತುವುದಿಲ್ಲ. ನ್ಯೂಜಿಲೆಂಡಿನ ಪೆಟ್ರಿಷಿಯಾ ಗ್ರೇಸ್ ಅವರ ‘ಟೂ’ ಇಟಲಿಯಲ್ಲಿ ಕಾದಾಡಿದ, ಅಲ್ಲಿನ ಮೂಲನಿವಾಸಿ ಮಾವೊರಿಗಳ ದಳದ ಕತೆ. ಪೌರತ್ವಕ್ಕೆ ರಕ್ತದಲ್ಲಿ ಬೆಲೆ ತೆತ್ತ ಮೂವರು ಅಣ್ಣತಮ್ಮಂದಿರು ಅದರಲ್ಲಿದ್ದಾರೆ.

ಅನುವಾದಕರಿಗೆ ಒಂದು ಮಾತು. ಸಿಲ್ಕೊ ತಮ್ಮ ಕಾದಂಬರಿಯಲ್ಲಿ ಕುಲದ ಹೊರಗೆ ಹೇಳಬಾರದ ಕತೆಯನ್ನು ಬಳಸಿದ್ದಾರೆ ಎಂದು ಅದೇ ಲಗೂನಾ ಮೂಲದ ವಿದ್ವಾಂಸೆ ಪೌಲಾ ಗನ್ ಆ್ಯಲನ್ 1990ರಲ್ಲಿ ಆಕ್ಷೇಪಿಸಿದ್ದರು. ಆ ಆಕ್ಷೇಪದಲ್ಲಿ ಹುರುಳಿದೆ. ಅದರಿಂದ ಅನುವಾದ ನಿಲ್ಲಬೇಕಿಲ್ಲ. ಮುನ್ನುಡಿಯಲ್ಲಿ ಅದನ್ನು ಮುಚ್ಚಿಡದೆ ಹೇಳಿ. ಅವರ ವಿಧಿಗಳನ್ನು ನಮ್ಮ ಹೋಮ-ಹವನಗಳಿಗೆ ತಾಳೆಹಾಕಿ ಸುಲಭ ಮಾಡಬೇಡಿ. ನೈಜೀರಿಯದ ಕಾದಂಬರಿಕಾರ ಅಚಿಬೆಯ ಇಗ್ಬೊ ಹಳ್ಳಿಯನ್ನು ಕನ್ನಡದಲ್ಲೇ ಓದಿದ ಜನ ನಾವು, ಲಗೂನಾ ನಮಗೆ ಕಷ್ಟವಾಗದು.

ಹಕ್ಕುಗಳನ್ನು ಪಡೆಯುವ ಪತ್ರವ್ಯವಹಾರವನ್ನು ಪ್ರಕಾಶಕರು ವಹಿಸಿಕೊಳ್ಳಲಿ. ವಿಶ್ವವಿದ್ಯಾಲಯಗಳ ಇಂಗ್ಲಿಷ್ ಮತ್ತು ಕನ್ನಡ ವಿಭಾಗಗಳು ಒಟ್ಟಿಗೆ ಕೂತು ಈ ಕಾದಂಬರಿಗಳಲ್ಲಿ ಒಂದನ್ನಾದರೂ ಕೈಗೆತ್ತಿಕೊಳ್ಳಲಿ. ಓದುಗರಾದ ನಾವು ಪುಸ್ತಕ ಬಂದ ದಿನವೇ ಕಾಸು ಕೊಟ್ಟು ಕೊಳ್ಳೋಣ.