ತೊಲೆಯ ಮೇಲಿನ ಬರಹ

ಭಂಡಾರಕವಠೆಯ ಬೀಗರ ಮನೆಗೆ ಹೋದರೆ ಊಟ, ಮಳೆ-ಬೆಳೆಯ ಮಾತು, ತೊಗರಿಯ ಧಾರಣೆ ಇಷ್ಟಕ್ಕೇ ಹೊತ್ತು ಮುಗಿಯುತ್ತದೆ. ಈ ಸಲ ಬೀಗರೇ, "ಕೂಡಲಕ್ಕ ಹೋಗಿ ಬರೋಣ ನಡೀರಿ" ಎಂದರು. ಕೂಡಲ ಎಂದೊಡನೆ ನಮಗೆ ನೆನಪಾಗುವುದು ಕೃಷ್ಣಾ–ಮಲಪ್ರಭೆಯರ ಕೂಡಲಸಂಗಮ. ಇದು ಬೇರೆ. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನಲ್ಲೇ ಹತ್ತರಸಂಗದ ಬಳಿ ಸೀನಾ ನದಿ ಭೀಮೆಯನ್ನು ಸೇರುವ ಸ್ಥಳ.

ಅಲ್ಲಿ ಸಂಗಮೇಶ್ವರ, ಹರಿಹರೇಶ್ವರ ಎಂಬ ಎರಡು ಹಳೆಯ ಗುಡಿಗಳಿವೆ. ಹರಿಹರೇಶ್ವರ ಬಹುಕಾಲ ಮಣ್ಣಿನಡಿ ಹೂತುಹೋಗಿತ್ತು. 1999ರಲ್ಲಿ ಅಲ್ಲಿ ಅಗೆದಾಗ 359 ಮುಖಗಳನ್ನು ಕೆತ್ತಿದ ಶಿವಲಿಂಗ ಸಿಕ್ಕಿತು. ಲಿಂಗವನ್ನೂ ಒಂದೆಂದು ಹಿಡಿದರೆ 360. ನಮ್ಮ ಮೊಮ್ಮಗ ಎಣಿಸಲು ಹೊರಟು ಅರವತ್ತಕ್ಕೆ ಸೋತ.

"ನಮ್ಮದಲ್ಲದ ಗುಡಿ, ನೋಡೋದೇನೈತಿ?" ಎಂದು ಮನೆಯವರು ಕೇಳಿದರು. ಮಂಟಪದೊಳಗೆ ನಿಂತರೆ ಅದಕ್ಕೆ ಉತ್ತರ ಸಿಗುತ್ತದೆ. ಕೆಳಗೆ ಚೌಕ, ನಡುವೆ ದುಂಡು, ಮೇಲೆ ಬೋದಿಗೆ, ಅದರ ಮೇಲೆ ತೊಲೆ. ಅತ್ತಿಮಬ್ಬೆ 1007ರಲ್ಲಿ ಲಕ್ಕುಂಡಿಯಲ್ಲಿ ಕಟ್ಟಿಸಿದ ಬಸದಿಯ ಮಂಟಪ ನೋಡಿದವರಿಗೆ ಈ ಅಳತೆ ಹೊಸದಲ್ಲ. ಕಾಲವೂ ಅದೇ, ಕಲ್ಯಾಣದ ಚಾಲುಕ್ಯರದು. ಕಟ್ಟಿಸಿದವರ ದೇವರು ಬೇರೆಯಿರಬಹುದು, ಕಲ್ಲುಕುಟಿಗರ ಕಸುಬು ಬೇರೆಯಲ್ಲ.

ನಾನು ಕಂಬಗಳನ್ನೇ ನೋಡುತ್ತಿದ್ದೆ. ಬೀಗರು ಮೇಲಕ್ಕೆ ಬೆರಳು ತೋರಿಸಿದರು. ಸಂಗಮೇಶ್ವರದ ಸಭಾಮಂಟಪದ ತೊಲೆಯ ಮೇಲೆ ಅಕ್ಷರಗಳಿವೆ. ಶಕ 940, ಅಂದರೆ 1018. ಮರಾಠಿಯ ಅತಿ ಹಳೆಯ ಬರಹಗಳಲ್ಲಿ ಇದೂ ಒಂದು. ಇದನ್ನು ಓದಿದವನಿಗೆ ಜಯವಾಗಲಿ ಎಂಬ ಅರ್ಥದ ಮಾತು ಅದರಲ್ಲಿದೆ. ಶ್ರವಣಬೆಳಗೊಳದ ಬಾಹುಬಲಿಯ ಪಾದದ ಬಳಿ ಕನ್ನಡ, ತಮಿಳಿನ ಜೊತೆ ಮರಾಠಿಯಲ್ಲೂ ಚಾವುಂಡರಾಯನ ಹೆಸರಿರುವುದು ನಮಗೆ ಗೊತ್ತು. ಆ ಭಾಷೆಯ ಇನ್ನೊಂದು ಹಳೆಯ ಸಾಲು ಬೀಗರ ಊರ ಸೀಮೆಯಲ್ಲೇ ಇದ್ದು, ಇಷ್ಟು ವರ್ಷ ಬಂದು ಹೋಗಿಯೂ ನಾನು ನೋಡಿರಲಿಲ್ಲ.

ಮಾರವಾಡಿ ಕೀರ್ದಿಯ ಮೊದಲ ಪುಟದಲ್ಲಿ ದೇವರ ಹೆಸರು, ಮಿತಿ, ತಿಥಿ ಬರೆದೇ ಲೆಕ್ಕ ಶುರುಮಾಡುವವರು ನಾವು. ಹಳೆಯ ಪುಸ್ತಕ ಹರಿದರೂ ಬಿಸಾಡುವುದಿಲ್ಲ, ಬಟ್ಟೆ ಸುತ್ತಿ ಅಟ್ಟದ ಮೇಲಿಡುತ್ತೇವೆ. ಆದರೆ ಕಲ್ಲಿನ ಕೀರ್ದಿಯ ವಿಷಯದಲ್ಲಿ ನಮ್ಮ ಕೈ ಬಲು ಸಡಿಲ.

ಹೇಳಲು ನಾಚಿಕೆಯಾಗುತ್ತದೆ. ನಮ್ಮೂರ ಬಸದಿಯ ಜೀರ್ಣೋದ್ಧಾರದಲ್ಲಿ ನೆಲಕ್ಕೆ ಗ್ರಾನೈಟ್, ಕಂಬ-ತೊಲೆಗಳಿಗೆ ಎಣ್ಣೆಬಣ್ಣ ಹಚ್ಚಿಸಿದೆವು. ಬಣ್ಣದ ಖರ್ಚು ನನ್ನ ಹೆಸರಿನಲ್ಲೇ ಇದೆ, ಫಲಕವೂ ಇದೆ. ಹಚ್ಚುವಾಗ ಕೆಲಸದ ಹುಡುಗ, "ಸಾವಕಾರ್ರ, ಇಲ್ಲಿ ಏನೋ ಗೀಚ್ಯಾರ್ರಿ" ಎಂದಿದ್ದ. "ಹಚ್ಚಪ್ಪಾ, ಪಂಚಕಲ್ಯಾಣ ಹತ್ತಿರ ಬಂತು" ಎಂದವನು ನಾನೇ. ಬಣ್ಣಕ್ಕೆ ಮುಂಚೆ ತೇವದ ಕಾಗದ ಒತ್ತಿ, ಮಸಿ ಹಚ್ಚಿ ಒಂದು ಅಚ್ಚು ತೆಗೆಸಿದ್ದರೆ ಎಷ್ಟು ಖರ್ಚಾಗುತ್ತಿತ್ತು? ಫಲಕ ಬರೆಸಿದಷ್ಟೂ ಆಗುತ್ತಿರಲಿಲ್ಲ.

ಸೂರ್ಯ ಮುಳುಗುವ ಮೊದಲು ಊಟವಾಗಬೇಕಲ್ಲ, ನಾಲ್ಕಕ್ಕೇ ಹೊರಟು ಬಂದೆವು. ಕಳೆದ ತಿಂಗಳ ಸಭೆಯಲ್ಲಿ ಬಣ್ಣದ ಮಾತು ಎತ್ತಿದೆ. ಅವಸರದಲ್ಲಿ ಉಜ್ಜಿಸಿದರೆ ಅಕ್ಷರವೇ ಹೋದೀತು, ಬಲ್ಲವರನ್ನು ಕರೆಸಿ ತೋರಿಸೋಣ ಎಂದೆ. "ಬಣ್ಣ ನಿಮ್ಮದೇ ಅಲ್ಲೇನ್ರಿ ಕಾಕಾ, ತೆಗೆಸೋ ಖರ್ಚೂ ನಿಮ್ಮದೇ ಇರಲಿ" ಎಂದರು ಕಿರಿಯರೊಬ್ಬರು. ಎಲ್ಲರೂ ನಕ್ಕರು. ಆಗಲಿ ಎಂದು ಒಪ್ಪಿಕೊಂಡಿದ್ದೇನೆ.