ರಸ್ತೆ ಖಾಲಿ ಇದೆ ಅಂದವರು ಯಾರು?

ಡಿಸೆಂಬರ್ ಬಂತೆಂದರೆ ಚಳ್ಳಕೆರೆ, ತಳಕು, ಹಾನಗಲ್, ರಾಂಪುರ ದಾಟಿ ಹಂಪಿ ಕಡೆಗೆ ದುಬಾರಿ ಕಾರುಗಳ ಓಟ. ನಸುಕಿನಲ್ಲಿ ಹೆದ್ದಾರಿ ಖಾಲಿ ಎಂಬುದು ಅವರ ಲೆಕ್ಕ. ಖಾಲಿ ಎಲ್ಲಿದೆ ಸ್ವಾಮಿ? ಶೇಂಗಾ ಹೊಟ್ಟಿನ ಟ್ರ್ಯಾಕ್ಟರು, ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡು, ಕುರಿ ಹಿಂಡು ಎಲ್ಲ ಹೊರಡುವುದು ಆಗಲೇ.

ಬಿಎಂಡಬ್ಲ್ಯು ಎಂ340ಐ ಥರದ ಕಾರು ನಾಲ್ಕೂವರೆ ಸೆಕೆಂಡಿನೊಳಗೆ 100 ಮುಟ್ಟುತ್ತದೆ. ಬ್ರೇಕೂ ಗಟ್ಟಿ, ಒಪ್ಪೋಣ. ಆದರೆ 160ರ ವೇಗದಲ್ಲಿ ಸೆಕೆಂಡಿಗೆ 44 ಮೀಟರ್ ಹೋಗುತ್ತದೆ. ಕುರಿ ಕಂಡು ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡು ಹಿಡಿದರೆ 66 ಮೀಟರ್ ಮುಗಿಯಿತು. ನಿಲ್ಲಲು ಮತ್ತೆ ಸುಮಾರು 125 ಮೀಟರ್ ಬೇಕು. ಡಿಮ್ ಲೈಟಿನಲ್ಲಿ ಅಷ್ಟು ದೂರ ಕಾಣುತ್ತದೆಯೇ? ಮೇಲಾಗಿ ಸ್ಪೋರ್ಟ್ಸ್ ಟೈರು ಬಿಸಿಯಾದಾಗಲೇ ಚೆನ್ನಾಗಿ ಹಿಡಿಯುವುದು. ಇಬ್ಬನಿ ಬಿದ್ದ ತಣ್ಣನೆ ಡಾಂಬರಿನಲ್ಲಿ ಹಿಡಿತ ಕಡಿಮೆ.

ಹಳ್ಳಿಯವರು ರಸ್ತೆಗೆ ರಾಗಿ ಹಾಕ್ತಾರೆ ಎಂದು ಬೈಯುತ್ತಾರೆ. ಹಾಕುವುದು ತಪ್ಪೇ. ಟ್ರೇಲರಿಗೆ ರಿಫ್ಲೆಕ್ಟರ್ ಅಂಟಿಸದಿರುವುದೂ ತಪ್ಪು, ಇವತ್ತೇ ಅಂಟಿಸಿ. ಆದರೆ ಮೇವು ರಸ್ತೆಯ ಆಚೆ, ನೀರು ಈಚೆ ಇದ್ದರೆ ಕುರಿ ಹಾರಿ ಹೋಗಬೇಕೇ?

ಕೇಂದ್ರದ ನಿಯಮದಂತೆ ಚತುಷ್ಪಥದಲ್ಲೂ ಕಾರಿಗೆ 100ರ ಮಿತಿ, ಸಾಮಾನ್ಯ ರಸ್ತೆಯಲ್ಲಿ 70. ಮೀರಿದರೆ 2019ರ ತಿದ್ದುಪಡಿ ಪ್ರಕಾರ ದಂಡ 1000ದಿಂದ 2000 ರೂಪಾಯಿ. ಅಂಥ ಕಾರಿನ ಒಂದು ಟೈರಿಗೂ ಅಷ್ಟರಲ್ಲಿ ಗಾಳಿ ಸುದ್ದಿಯಷ್ಟೇ ಸಿಗುತ್ತದೆ! ಹೆಲ್ಮೆಟ್ ಇಲ್ಲದ ನಮ್ಮನ್ನು ಹಗಲಲ್ಲಿ ಹಿಡಿಯುವ ಪೊಲೀಸರು ಸಂಕ್ರಾಂತಿವರೆಗಾದರೂ ನಸುಕಿನ ಐದಕ್ಕೆ ತಳಕಿನಲ್ಲಿ, ಹಾನಗಲ್‌ನಲ್ಲಿ ವೇಗ ಅಳೆಯುವ ಯಂತ್ರ ಹಿಡಿದು ನಿಲ್ಲಲಿ.